ಬಣ್ಣದ ಕಲೆ ತೆಗೆದವರು: ಟರ್ಪೆಂಟೈನ್‌ನಿಂದ ಪರ್ಕ್‌ವರೆಗೆ ಇನ್ನೂರು ವರ್ಷ

ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ನಿಂತಿರೋರಿಗೂ, ಮನೆಗೆ ಪೇಂಟ್ ಮಾಡಿಸ್ತಾ ಸೋಫಾ ಮೇಲೆ ಹಳೇ ಪೇಪರ್ ಹಾಸ್ಕೊಂಡು ಕೂತಿರೋರಿಗೂ ಸ್ವಾಗತ.

ಕನ್ನಡದಲ್ಲಿ 'ಕಲೆ' ಅನ್ನೋ ಪದ ಒಂದು ತಮಾಷೆ ಮಾಡುತ್ತೆ. ರವಿವರ್ಮನ ಕ್ಯಾನ್ವಾಸ್ ಮೇಲೆ ಬಿದ್ದ ಎಣ್ಣೆಬಣ್ಣವೂ ಕಲೆ, ಅದೇ ಬಣ್ಣ ಅವನ ಪಂಚೆ ಮೇಲೆ ಬಿದ್ದರೆ ಅದೂ ಕಲೆ. ಮೊದಲನೆಯದರ ಚರಿತ್ರೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಎರಡನೆಯದರ ಬಗ್ಗೆ ಮಾತಾಡ್ತೀನಿ. ಬಟ್ಟೆ ಮೇಲೆ, ಕಾರ್ಪೆಟ್ ಮೇಲೆ ಬಿದ್ದ ಬಣ್ಣವನ್ನ ಮನುಷ್ಯ ಹೇಗೆ ತೆಗೆಯೋಕೆ ಹೊರಟ, ಆ ಕೆಲಸಕ್ಕೆ ಯಾರು ಯಾರು ಏನು ಬೆಲೆ ಕೊಟ್ಟರು ಅನ್ನೋದು.

ಮೊದಲು ಒಂದು ಸಣ್ಣ ಕೆಮಿಸ್ಟ್ರಿ. ಹೆದರಬೇಡಿ, ಒಂದೇ ನಿಮಿಷ.

ಬಣ್ಣ ಅಂದ್ರೆ ಮೂರು ವಸ್ತು: ಬಣ್ಣದ ಪುಡಿ, ಆ ಪುಡಿಯನ್ನ ಗೋಡೆಗೆ ಅಂಟಿಸೋ ಅಂಟು, ಎರಡನ್ನೂ ತೆಳು ಮಾಡೋ ದ್ರವ. ಹಳೇ ಕಾಲದ ಸುಣ್ಣದ ನೀರು ಬಟ್ಟೆ ಮೇಲೆ ಬಿದ್ದರೆ ದೊಡ್ಡ ತಲೆನೋವಿಲ್ಲ, ಒಣಗಿದ ಮೇಲೆ ಕೊಡವಿದರೆ ಬಹುಪಾಲು ಪುಡಿಯಾಗಿ ಉದುರುತ್ತೆ. ಎಣ್ಣೆಬಣ್ಣ ಹಾಗಲ್ಲ. ಅದರ ಅಂಟು ಅಗಸೆ ಎಣ್ಣೆ. ಅಗಸೆ ಎಣ್ಣೆ ಒಣಗೋದು ಒದ್ದೆ ಬಟ್ಟೆ ಆರಿದ ಹಾಗೂ ಅಲ್ಲ. ಅದು ಗಾಳಿಯ ಆಮ್ಲಜನಕವನ್ನ ಹೀರಿಕೊಂಡು, ಅಣುಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡು, ಬಲೆ ಹೆಣೆದ ಹಾಗೆ ಗಟ್ಟಿಯಾಗುತ್ತೆ. ಬಲೆ ಪೂರ್ತಿ ಹೆಣೆದಾದ ಮೇಲೆ ಬಟ್ಟೆಗೆ ಪೆಟ್ಟಾಗದಂತೆ ಅದನ್ನ ಬಿಡಿಸೋದು ಬಹಳ ಕಷ್ಟ. ಹೆಣೆಯೋ ಮುಂಚೆ ಹಿಡಿದರೆ ಪೈನ್ ಮರದ ಅಂಟಿನಿಂದ ಭಟ್ಟಿ ಇಳಿಸಿದ ಟರ್ಪೆಂಟೈನ್ ಸಾಕು. ಕಲೆ ತೆಗೆಯೋ ಇಡೀ ಚರಿತ್ರೆ ಒಂದು ರೀತೀಲಿ ಗಡಿಯಾರದ ಜೊತೆ ಓಟ.

ನಮ್ಮ ಕೆರೆ ದಂಡೆಯ ವಿದ್ಯೆ ಇಲ್ಲಿ ಕೈಕೊಡುತ್ತೆ. ಸವಳು ಮಣ್ಣು, ಬೂದಿ, ಅಂಟುವಾಳಕಾಯಿ, ಸೀಗೆಕಾಯಿ ಇವೆಲ್ಲ ಬೆವರು, ಕೊಳೆ, ಅಡುಗೆ ಜಿಡ್ಡಿಗೆ ಒಳ್ಳೇ ಮದ್ದು. ರೇಷ್ಮೆ ಸೀರೆಗೆ ಅಂಟುವಾಳಕ್ಕಿಂತ ಮೃದುವಾದದ್ದು ನನಗೆ ಗೊತ್ತಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ ಶರಣರ ಬಟ್ಟೆ ಮಡಿ ಮಾಡ್ತಿದ್ದದ್ದೂ ನೀರಿನ ದಂಡೆಯಲ್ಲೇ. ಆದರೆ ಇವೆಲ್ಲ ನೀರನ್ನ ನಂಬಿದ ವಿದ್ಯೆಗಳು. ಎಣ್ಣೆಬಣ್ಣಕ್ಕೆ ನೀರು ಕಂಡರೆ ಆಗಲ್ಲ. ಯುರೋಪಿನ ಉಣ್ಣೆ ಕೋಟಿಗೂ ಆಗಲ್ಲ, ನೀರಿಗೆ ಹಾಕಿದರೆ ಕುಗ್ಗುತ್ತೆ. ಹಾಗಾಗಿ ಅಲ್ಲಿ ಶ್ರೀಮಂತರ ಉಡುಪನ್ನ ಹೊಲಿಗೆ ಬಿಚ್ಚಿ, ತುಂಡು ತುಂಡಾಗಿ ಶುಚಿ ಮಾಡಿ, ಮತ್ತೆ ಹೊಲಿಯೋ ಪದ್ಧತಿ ಇತ್ತು. ಒಂದು ಕಲೆಗಾಗಿ ಇಡೀ ಕೋಟು ಬಿಚ್ಚಬೇಕು, ಯೋಚನೆ ಮಾಡಿ.

ಈಗ ನ್ಯೂಯಾರ್ಕ್‌ಗೆ ಹೋಗೋಣ, ವರ್ಷ 1821.

ಥಾಮಸ್ ಜೆನ್ನಿಂಗ್ಸ್ ಅಂತ ಒಬ್ಬ ಟೈಲರ್. ಕಪ್ಪು ಜನಾಂಗದವನು, ಸ್ವತಂತ್ರನಾಗೇ ಹುಟ್ಟಿದವನು. ಹೊಲಿದು ಕೊಟ್ಟ ಬಟ್ಟೆಯನ್ನ ಗಿರಾಕಿಗಳು ಕಲೆ ಮಾಡ್ಕೊಂಡು ವಾಪಸ್ ತರ್ತಾ ಇದ್ದರು. ಬೇರೆ ಬೇರೆ ದ್ರವಗಳನ್ನ ಹಚ್ಚಿ ನೋಡ್ತಾ ನೋಡ್ತಾ ಒಂದು ವಿಧಾನ ಅವನ ಕೈಗೆ ಸಿಕ್ಕಿತು. ಅದಕ್ಕೆ 'ಡ್ರೈ ಸ್ಕೌರಿಂಗ್' ಅಂತ ಹೆಸರು. 1821ರ ಮಾರ್ಚ್ 3ರಂದು ಪೇಟೆಂಟ್ ಸಿಕ್ಕಿತು. ದಾಖಲೆಯಲ್ಲಿರೋ ಮಟ್ಟಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಕಪ್ಪು ವ್ಯಕ್ತಿ ಈತ.

ಆ ಕಾಗದದ ತೂಕ ಎಷ್ಟು ಅಂತ ಇವತ್ತು ಅಂದಾಜು ಮಾಡೋದು ಕಷ್ಟ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಆಗ ಇನ್ನೂ ಪೂರ್ತಿ ಹೋಗಿರಲಿಲ್ಲ, ಅದು ಹೋದದ್ದು 1827ರ ಜುಲೈ 4ಕ್ಕೆ. ಜೆನ್ನಿಂಗ್ಸ್‌ನ ಹೆಂಡತಿಯೇ ಗುಲಾಮಗಿರಿಯಲ್ಲಿ ಹುಟ್ಟಿದವಳು. ಅಂಥಾ ಹೊತ್ತಲ್ಲಿ ಸರ್ಕಾರದ ಮೊಹರು ಹಾಕಿದ ಪತ್ರ ಅವನನ್ನ ಅಮೆರಿಕದ ಪ್ರಜೆ ಅಂತ ಕರೆಯಿತು. ಅದಾಗಿ 36 ವರ್ಷಕ್ಕೆ, 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಅದೇ ದೇಶದ ಸುಪ್ರೀಂ ಕೋರ್ಟು ಕಪ್ಪು ಜನ ಪ್ರಜೆಗಳಾಗೋಕೇ ಸಾಧ್ಯವಿಲ್ಲ ಅಂತ ಹೇಳಿತು. ಮರುವರ್ಷ, ಗುಲಾಮನೊಬ್ಬ ಏನನ್ನ ಕಂಡುಹಿಡಿದರೂ ಅದಕ್ಕೆ ಪೇಟೆಂಟ್ ಕೊಡೋ ಹಾಗಿಲ್ಲ ಅಂತ ಅಲ್ಲಿನ ಅಟಾರ್ನಿ ಜನರಲ್ ಅಭಿಪ್ರಾಯ ಕೊಟ್ಟರು. ಹೀಗಿರೋವಾಗ ಆ ಟೈಲರ್ ಆ ಪತ್ರಕ್ಕೆ ಚಿನ್ನದ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಅನ್ನೋದರಲ್ಲಿ ಆಶ್ಚರ್ಯ ಇಲ್ಲ.

ಕಲೆ ತೆಗೆದು ಗಳಿಸಿದ ದುಡ್ಡಲ್ಲಿ ಅವನು ತನ್ನ ಮನೆಯವರನ್ನ ಬಿಡಿಸ್ಕೊಂಡ, ಉಳಿದದ್ದನ್ನ ಗುಲಾಮಗಿರಿ ವಿರುದ್ಧದ ಕೆಲಸಕ್ಕೆ ಹಾಕಿದ. 1854ರ ಜುಲೈನಲ್ಲಿ ಒಂದು ಭಾನುವಾರ, ಅವನ ಮಗಳು ಎಲಿಜಬೆತ್ ಚರ್ಚಿಗೆ ಹೋಗ್ತಾ ಇದ್ದಾಗ ನ್ಯೂಯಾರ್ಕಿನ ಕುದುರೆ ಟ್ರಾಮಿನಿಂದ ಕಂಡಕ್ಟರ್ ಅವಳನ್ನ ಎಳೆದು ಹೊರಗೆ ಹಾಕಿದ. ಅಪ್ಪ ಸುಮ್ಮನಿರಲಿಲ್ಲ, ಕೇಸು ಹಾಕಿಸಿದ. ಅವಳ ಪರ ವಾದಿಸಿದ ಇಪ್ಪತ್ತರ ಹರೆಯದ ವಕೀಲ ಚೆಸ್ಟರ್ ಆರ್ಥರ್ ಮುಂದೆ 1881ರಲ್ಲಿ ಅಮೆರಿಕದ ಅಧ್ಯಕ್ಷನಾದ. 1855ರಲ್ಲಿ ಎಲಿಜಬೆತ್ ಗೆದ್ದಳು, 225 ಡಾಲರ್ ಪರಿಹಾರ. ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಡಲ್ಲ ಅಂತ ಕೂತದ್ದು ಅದಾಗಿ ಸರಿಯಾಗಿ ನೂರು ವರ್ಷಕ್ಕೆ.

ಹಾಗಾದ್ರೆ ಜೆನ್ನಿಂಗ್ಸ್ ಕಲೆಗೆ ಏನು ಹಚ್ಚುತ್ತಿದ್ದ? 1836ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಪೇಟೆಂಟ್ ಆಫೀಸಿಗೆ ಬೆಂಕಿ ಬಿತ್ತು. ಸಾವಿರಾರು ಪೇಟೆಂಟುಗಳ ವಿವರಗಳ ಜೊತೆ ಆ ಪಾಕವೂ ಬೂದಿಯಾಯಿತು. ಇಂಟರ್ನೆಟ್ಟಲ್ಲಿ 'ಜೆನ್ನಿಂಗ್ಸ್ ಬಳಸಿದ ರಾಸಾಯನಿಕ ಇದೇ' ಅಂತ ಯಾರಾದ್ರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಇನ್ನೊಂದು ಕಾಕತಾಳೀಯ ಇದೆ, ನನಗೆ ಬಹಳ ಇಷ್ಟ. ಅದೇ 1821ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟೋ ಕೆಲಸ ಕಲಿತು ವಿಜ್ಞಾನಕ್ಕೆ ಬಂದ ಮೈಕೇಲ್ ಫ್ಯಾರಡೆ, ಕ್ಲೋರಿನ್ ಮತ್ತು ಇಂಗಾಲ ಸೇರಿದ ಒಂದು ಹೊಸ ದ್ರವ ತಯಾರಿಸಿದ. ಅದೇ ಇವತ್ತಿನ ಪರ್‌ಕ್ಲೋರೋಎಥಿಲೀನ್, ಡ್ರೈಕ್ಲೀನಿಂಗ್ ಅಂಗಡಿಯವರ ಬಾಯಲ್ಲಿ 'ಪರ್ಕ್'. ನಾಲ್ಕು ವರ್ಷ ಬಿಟ್ಟು 1825ರಲ್ಲಿ ಬೆಂಜೀನನ್ನೂ ಅವನೇ ಬೇರ್ಪಡಿಸಿದ. ಮುಂದಿನ ನೂರೈವತ್ತು ವರ್ಷ ಕಲೆ ತೆಗೆಯೋ ಧಂಧೆ ನಿಂತದ್ದು ಹೆಚ್ಚುಕಮ್ಮಿ ಇಂಥಾ ದ್ರವಗಳ ಮೇಲೆ. ಫ್ಯಾರಡೆಗೆ ಬಟ್ಟೆ ಒಗೆಯೋ ಯೋಚನೆಯೇ ಇರಲಿಲ್ಲ ಬಿಡಿ.

ಆಮೇಲೆ ಪ್ಯಾರಿಸ್‌ನ ಕಥೆ. ನೀವು ರೀಲ್ಸ್‌ನಲ್ಲಿ ನೋಡಿರಬಹುದು. ಜೋಲಿ ಅನ್ನೋ ಬಣ್ಣಗಾರನ ಮನೇಲಿ ಕೆಲಸದ ಹುಡುಗಿ ಮೇಜಿನ ಬಟ್ಟೆ ಮೇಲೆ ದೀಪ ಬೀಳಿಸ್ತಾಳೆ, ಎಣ್ಣೆ ಚೆಲ್ಲಿದ ಜಾಗ ಕೊಳೆಯಾಗೋ ಬದಲು ಸ್ವಚ್ಛ ಆಗುತ್ತೆ, ಡ್ರೈಕ್ಲೀನಿಂಗ್ ಹುಟ್ಟುತ್ತೆ. ಒಬ್ಬರು 1825 ಅಂತಾರೆ, ಇನ್ನೊಬ್ಬರು 1855 ಅಂತಾರೆ. ದೀಪದಲ್ಲಿ ಸೀಮೆಎಣ್ಣೆ ಇತ್ತು ಅನ್ನೋದೂ ಉಂಟು. ಸೀಮೆಎಣ್ಣೆ ದೀಪ ಮನೆಗಳಿಗೆ ಬಂದದ್ದೇ 1850ರ ದಶಕದಲ್ಲಿ, ಹಾಗಾಗಿ 1825ರ ಸೀಮೆಎಣ್ಣೆ ಕಥೆ ನಿಲ್ಲಲ್ಲ. ಟರ್ಪೆಂಟೈನ್ ಇದ್ದಿರಬಹುದು ಅಂದರೆ ಒಪ್ಪಬಹುದು. ನನಗೆ ಚುಚ್ಚೋದು ಬೇರೆ ವಿಷಯ: ನಾನು ಓದಿದ ಯಾವ ರೂಪದಲ್ಲೂ ದೀಪ ಬೀಳಿಸಿದ ಆ ಹುಡುಗಿಗೆ ಹೆಸರಿಲ್ಲ. ಅದೇನೇ ಇರಲಿ, ಶತಮಾನದ ನಡುವಿನ ಹೊತ್ತಿಗೆ ಪ್ಯಾರಿಸ್‌ನಲ್ಲಿ ಉಡುಪಿನ ಹೊಲಿಗೆ ಬಿಚ್ಚದೆ ಇಡಿಯಾಗಿ ಶುಚಿ ಮಾಡೋ ಅಂಗಡಿಗಳು ನಡೀತಾ ಇದ್ದವು. ಇಂಗ್ಲಿಷರು ಅದನ್ನ 'ಫ್ರೆಂಚ್ ಕ್ಲೀನಿಂಗ್' ಅಂತಿದ್ದರು. ಡ್ರೈ ಅಂದ್ರೆ ಒಣಗಿದ್ದು ಅಂತಲ್ಲ, ಬಟ್ಟೆ ಪೂರ್ತಿ ನೆನೆಯುತ್ತೆ. ನೀರು ಮಾತ್ರ ಇರಲ್ಲ, ಅಷ್ಟೇ.

ಆದರೆ ಈ ದ್ರವಗಳೆಲ್ಲ ಬೆಂಕಿಯ ಅಣ್ಣತಮ್ಮಂದಿರು. ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ ಅನ್ನೋ ಇಂಗ್ಲಿಷ್ ರಸಾಯನಶಾಸ್ತ್ರಿ ಕಲ್ಲಿದ್ದಲಿನ ಡಾಂಬರಿನಿಂದ ಬೆಂಜೀನನ್ನ ದೊಡ್ಡ ಪ್ರಮಾಣದಲ್ಲಿ ತೆಗೆಯೋ ದಾರಿ ತೋರಿಸಿದವನು. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಕಳಿಸೋಕೆ ಮಾದರಿ ತಯಾರಿಸ್ತಾ ಇದ್ದಾಗ ಭಟ್ಟಿ ಉಕ್ಕಿ ಬೆಂಕಿ ಹತ್ತಿತು. ಕಟ್ಟಡ ಉಳಿಸೋಣ ಅಂತ ಉರಿಯೋ ಭಟ್ಟಿಯನ್ನ ಬೀದಿಗೆ ಹೊತ್ತು ಹಾಕೋಕೆ ಹೋದ. ಸುಟ್ಟ ಗಾಯದಿಂದ ಕೆಲವೇ ದಿನಕ್ಕೆ ತೀರಿಕೊಂಡ, ವಯಸ್ಸು 35.

ಅಂಗಡಿಗಳಲ್ಲೂ ಇದೇ ಕಥೆ. ಬೆಂಕಿಕಡ್ಡಿ ಗೀರದೇ ಬೆಂಕಿ ಹತ್ತುತ್ತಿತ್ತು. ಯಾಕೆ ಗೊತ್ತಾ? ಪೆಟ್ರೋಲಿನಂಥ ದ್ರವದಲ್ಲಿ ಉಣ್ಣೆ, ರೇಷ್ಮೆ ಉಜ್ಜಾಡಿದರೆ ಸ್ಥಿರ ವಿದ್ಯುತ್ ಕೂಡುತ್ತೆ. ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನುತ್ತಲ್ಲ, ಅದೇ. ಒಂದು ಕಿಡಿ ಸಾಕು. 1920ರ ದಶಕದಲ್ಲಿ ಅಟ್ಲಾಂಟಾದ ಡ್ರೈಕ್ಲೀನರ್ ಸ್ಟಾಡಾರ್ಡ್, ಪಿಟ್ಸ್‌ಬರ್ಗಿನ ಮೆಲ್ಲನ್ ಇನ್ಸ್ಟಿಟ್ಯೂಟ್ ಜೊತೆ ಸೇರಿ ಸುಲಭಕ್ಕೆ ಹೊತ್ತಿಕೊಳ್ಳದ ಪೆಟ್ರೋಲಿಯಂ ದ್ರವವೊಂದನ್ನ ತಂದ. ಸುಮಾರು 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಅದರ ಆವಿಗೆ ಬೆಂಕಿ ತಗಲುತ್ತೆ. ಇವತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ ಮಿನರಲ್ ಟರ್ಪೆಂಟೈನ್ ಅಂತ ಕೊಡ್ತಾರಲ್ಲ, ಅದು ಈ ದ್ರವದ ಹತ್ತಿರದ ಸಂಬಂಧಿ. ಅಟ್ಲಾಂಟಾಗೆ 38 ಡಿಗ್ರಿ ಸರಿ, ಕಲಬುರಗಿಯ ಮೇ ತಿಂಗಳಿಗೆ ಆ ಲೆಕ್ಕ ಹೊಂದಲ್ಲ.

ಈಗ ಕಾರ್ಪೆಟ್ಟಿಗೆ ಬರೋಣ. ಕೋಟನ್ನ ಅಂಗಡಿಗೆ ಒಯ್ಯಬಹುದು. ಕೋಣೆ ತುಂಬಾ ಹಾಸಿದ ಕಾರ್ಪೆಟ್ಟಿನ ಮೇಲೆ ಬಣ್ಣ ಚೆಲ್ಲಿದರೆ? ಅದನ್ನ ಒಯ್ಯೋ ಹಾಗಿಲ್ಲ, ಆದ್ದರಿಂದ ದ್ರವವೇ ಬಾಟಲಿಯಲ್ಲಿ ಮನೆಗೆ ಬಂತು. ಮನೆಗೆ ಬರಬೇಕಾದರೆ ಬೆಂಕಿ ಹತ್ತಬಾರದು. ಹೀಗೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಹೀರೋ ಆಯಿತು. ಬೆಂಕಿ ಹತ್ತೋದಿರಲಿ, ಬೆಂಕಿ ಆರಿಸೋ ಉಪಕರಣದಲ್ಲೂ ಅದನ್ನೇ ತುಂಬುತ್ತಿದ್ದರು. ಗೃಹಿಣಿಯರು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೊಣಕಾಲೂರಿ ಕೂತು ಕಾರ್ಪೆಟ್ ಉಜ್ಜಿದರು. ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ನಿಲ್ಲುತ್ತೆ, ಉಜ್ಜೋರ ಮುಖವೂ ಅಲ್ಲೇ ಇರುತ್ತೆ. ಪಿತ್ತಜನಕಾಂಗ, ಮೂತ್ರಪಿಂಡ ಹಾಳಾಗೋ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಸಾಲು ಸಾಲಾಗಿ ಬಂದವು. ಕೆಂಡದಂತೆ ಕಾದ ಲೋಹಕ್ಕೆ ತಗುಲಿದರೆ ಇದೇ ದ್ರವ ಫಾಸ್ಜೀನ್ ಆಗುತ್ತೆ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಅದು. ಅಮೆರಿಕದಲ್ಲಿ ಮನೆಬಳಕೆಯಿಂದ ಅದನ್ನ ಕಿತ್ತು ಹಾಕಿದ್ದು 1970ರಲ್ಲಿ.

ಅಂಗಡಿಗಳಲ್ಲಿ ಅದರ ಜಾಗಕ್ಕೆ ಬಂದದ್ದು ಫ್ಯಾರಡೆಯ ಪರ್ಕ್. 1930ರ ದಶಕದಲ್ಲಿ ಶುರುವಾಗಿ ಕೆಲವೇ ದಶಕಗಳಲ್ಲಿ ಅದು ಇಡೀ ಉದ್ಯಮವನ್ನ ಆಳಿತು. ಬೆಂಕಿ ಹತ್ತಲ್ಲ, ಬಟ್ಟೆ ಕುಗ್ಗಲ್ಲ, ಎಣ್ಣೆಬಣ್ಣದ ಜಿಡ್ಡು ಕರಗಿಸುತ್ತೆ, ಸೋಸಿ ಮತ್ತೆ ಬಳಸಬಹುದು. ಅಂಗಡಿಯವನ ದೃಷ್ಟಿಯಿಂದ ನೋಡಿದರೆ ದೇವರು ಕೊಟ್ಟ ವರ.

ತೊಂದರೆ ಏನಂದ್ರೆ ಪರ್ಕ್ ನೀರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಅಂಗಡಿಯ ಹಿಂದೆ ಚೆಲ್ಲಿದರೆ ಮಣ್ಣಲ್ಲಿ ಇಳೀತಾ, ಅಂತರ್ಜಲ ಸಿಕ್ಕರೆ ಅದರ ಮೇಲೆ ತೇಲೋ ಬದಲು ಇನ್ನೂ ಕೆಳಕ್ಕೆ ಹೋಗುತ್ತೆ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಕ್ಯಾಂಪ್ ಲೆಜ್ಯೂನ್ ಅಂತ ನೌಕಾ ಸೈನಿಕರ ದೊಡ್ಡ ನೆಲೆ ಇದೆ. ಅಲ್ಲಿನ ಕುಡಿಯೋ ನೀರಿಗೆ ಹಲವು ಮೂಲಗಳಿಂದ ವಿಷ ಸೇರಿತ್ತು, ಅದರಲ್ಲಿ ಒಂದು ನೆಲೆಯ ಹೊರಗಿದ್ದ ಡ್ರೈಕ್ಲೀನಿಂಗ್ ಅಂಗಡಿಯ ಪರ್ಕ್. ಟರಾವಾ ಟೆರೇಸ್ ಅನ್ನೋ ವಸತಿ ಪ್ರದೇಶದಲ್ಲಿ ಸೈನಿಕರ ಹೆಂಡಿರು ಮಕ್ಕಳು ವರ್ಷಗಟ್ಟಲೆ ಅದೇ ನೀರು ಕುಡಿದರು, ಅದರಲ್ಲೇ ಮಕ್ಕಳ ಹಾಲಿನ ಪುಡಿ ಕಲಸಿದರು. ಕೆಟ್ಟ ಬಾವಿಗಳನ್ನ ಮುಚ್ಚಿದ್ದು 1985ರಲ್ಲಿ. 1953ರಿಂದ 1987ರವರೆಗೆ ಅಲ್ಲಿದ್ದವರು ಪರಿಹಾರಕ್ಕೆ ಕೋರ್ಟಿಗೆ ಹೋಗಬಹುದು ಅನ್ನೋ ಕಾನೂನು ಬಂದದ್ದು 2022ರಲ್ಲಿ. ಆ ಕೋಟುಗಳು, ಯೂನಿಫಾರ್ಮುಗಳು ಚೆನ್ನಾಗೇ ಸ್ವಚ್ಛವಾಗಿದ್ದವು. ಅವುಗಳ ಮೇಲಿದ್ದದ್ದನ್ನ ತೆಗೆದ ದ್ರವ ಮಾತ್ರ ಬಾವಿ ಸೇರಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪರ್ಕನ್ನ 'ಬಹುಶಃ ಕ್ಯಾನ್ಸರ್‌ಕಾರಕ' ಅನ್ನೋ ಪಟ್ಟಿಗೆ ಸೇರಿಸಿ ಬಹಳ ವರ್ಷ ಆಯಿತು. ಕ್ಯಾಲಿಫೋರ್ನಿಯಾ 2007ರಲ್ಲಿ ನಿಯಮ ಮಾಡಿ 2023ರ ಹೊತ್ತಿಗೆ ಡ್ರೈಕ್ಲೀನಿಂಗ್‌ನಿಂದ ಅದನ್ನ ಹೊರಗೆ ಹಾಕಿತು. ಅಮೆರಿಕದ ಪರಿಸರ ಸಂಸ್ಥೆ 2024ರ ಡಿಸೆಂಬರಿನಲ್ಲಿ, ಹತ್ತು ವರ್ಷದಲ್ಲಿ ಹಂತ ಹಂತವಾಗಿ ನಿಲ್ಲಿಸಬೇಕು ಅನ್ನೋ ನಿಯಮ ಹೊರಡಿಸಿತು. ಗಟ್ಟಿಯಾದ ಪೇಂಟ್ ಕಿತ್ತು ಹಾಕೋ ಮೆಥಿಲೀನ್ ಕ್ಲೋರೈಡಿನದ್ದೂ ಇಂಥದ್ದೇ ದಾರಿ. ಉಸಿರಾಡಿದರೆ ದೇಹದೊಳಗೆ ಅದು ಕಾರ್ಬನ್ ಮಾನಾಕ್ಸೈಡ್ ಆಗುತ್ತೆ. ಜನ ಸತ್ತ ಮೇಲೆ 2019ರಲ್ಲಿ ಅಲ್ಲಿನ ಸಾಮಾನ್ಯ ಗಿರಾಕಿಗೆ ಪೇಂಟ್ ಕೀಳೋಕೆ ಅದನ್ನ ಮಾರೋದು ನಿಂತಿತು.

ನನ್ನ ಅಭಿಪ್ರಾಯ ಕೇಳಿದರೆ, ಕಲೆ ತೆಗೆಯೋದನ್ನ ನಿಜಕ್ಕೂ ಸುಲಭ ಮಾಡಿದವರು ಕಲೆ ತೆಗೆಯೋರಲ್ಲ, ಬಣ್ಣ ಮಾಡೋರು. 1941ರಲ್ಲಿ ಅಮೆರಿಕದಲ್ಲಿ ನೀರಲ್ಲಿ ಕಲಸೋ ಕೆಮ್-ಟೋನ್ ಬಂತು. 1948ರಲ್ಲಿ, ಯುದ್ಧಕಾಲದ ಕೃತಕ ರಬ್ಬರ್ ವಿದ್ಯೆಯನ್ನ ಗೋಡೆಗೆ ತಂದ ಲೇಟೆಕ್ಸ್ ಬಣ್ಣ ಬಂತು. ಇವತ್ತು ನಮ್ಮ ಗೋಡೆಗಳ ಎಮಲ್ಶನ್ ಅದೇ ವಂಶ. ಒದ್ದೆ ಇದ್ದಾಗ ನೀರು, ಸೋಪು ಸಾಕು.

ನಮ್ಮ ದೇಶದಲ್ಲಿ ಪೇಂಟ್ ಮನೆಮಾತಾದ ಕಾಲಕ್ಕೆ ಒಂದು ಮುಖ ಇದೆ: ಗಟ್ಟೂ. 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ಆರ್.ಕೆ. ಲಕ್ಷ್ಮಣ್ ಬರೆದ ಹುಡುಗ, ಹಣೆ ಮೇಲೆ ಕೂದಲು, ಕೈಲಿ ಬ್ರಷ್ಷು, ಬಕೆಟ್ಟು. ಬಣ್ಣ ಚೆಲ್ಲೋ ಆ ತುಂಟನನ್ನ ಬರೆದ ಲಕ್ಷ್ಮಣ್ ಮೈಸೂರಿನವರು. ಅದೇ ಮೈಸೂರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ, ಇವತ್ತಿನ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಶ್, 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚೋ ಶಾಯಿ ಮಾಡ್ತಾ ಇದೆ. ಈ ಕಥೆಯಲ್ಲಿ ಹೋಗಲೇಬಾರದ ಕಲೆ ಅದೊಂದೇ. ಅದರಲ್ಲಿರೋ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದಾಗ ಕಪ್ಪಾಗಿ ಕೂತುಬಿಡುತ್ತೆ. ಸೋಪಿಗೂ ಬಗ್ಗಲ್ಲ, ಹಳೇ ಚರ್ಮ ಉದುರಿ ಹೊಸದು ಬಂದಾಗಲೇ ಹೋಗೋದು.

ಆದರೆ ಗೇಟು, ಕಿಟಕಿ ಸರಳು, ಬಾಗಿಲಿಗೆ ನಮ್ಮಲ್ಲಿ ಇನ್ನೂ ಎನಾಮಲ್ ನಡೀತಿದೆ, ಅದು ಎಣ್ಣೆ ವಂಶ. ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಬಣ್ಣ ಹೊಡೆಯೋಕೆ ಬರ್ತಿದ್ದವರು ಸಂಜೆ ಕೆಲಸ ಮುಗಿಸಿ, ರೇಷನ್ ಸೀಮೆಎಣ್ಣೆಯನ್ನ ಡಬ್ಬಿಗೆ ಸುರ್ಕೊಂಡು ಮೊಣಕೈವರೆಗೂ ತೊಳೀತಾ ಇದ್ದರು. ಈಗಲೂ ಥಿನ್ನರ್‌ನಲ್ಲಿ ತೊಳೆಯೋರನ್ನ ನೋಡ್ತೀನಿ. ಚರ್ಮದ ಜಿಡ್ಡೆಲ್ಲ ಹೋಗಿ ಕೈ ಬಿರುಕು ಬಿಡುತ್ತೆ, ಆವಿ ದಿನಾ ಒಳಗೆ ಹೋಗುತ್ತೆ. ನಿಮ್ಮ ಮನೇಲಿ ಪೇಂಟಿಂಗ್ ಕೆಲಸ ಇದ್ದರೆ ಒಂದು ಬಾಟಲಿ ಅಡುಗೆ ಎಣ್ಣೆ, ಒಂದು ಸೋಪು ಇಡಿ. ಹಸಿ ಎನಾಮಲ್ ಎಣ್ಣೆ ಹಚ್ಚಿ ತಿಕ್ಕಿದರೂ ಬಹುಪಾಲು ಬಿಡುತ್ತೆ.

ಸರಿ, ಬಟ್ಟೆ ಮೇಲೆ ಬಿದ್ದೇಬಿಟ್ಟರೆ? ಎಮಲ್ಶನ್ ಆದರೆ ಕೂಡಲೇ ತಣ್ಣೀರು, ಬಟ್ಟೆಯ ಹಿಂಬದಿಯಿಂದ. ಒಣಗಿದ್ದರೆ ಆಲ್ಕೋಹಾಲ್ ಇರೋ ಹ್ಯಾಂಡ್ ಸ್ಯಾನಿಟೈಸರ್ ಅದನ್ನ ಮೆತ್ತಗೆ ಮಾಡುತ್ತೆ, ಕೋವಿಡ್ ಕಾಲದ ಬಾಟಲಿ ಇನ್ನೂ ಇದ್ದರೆ ಹುಡುಕಿ. ಎನಾಮಲ್ ಆದರೆ ಮಿನರಲ್ ಟರ್ಪೆಂಟೈನ್, ಕಿಟಕಿ ತೆಗೆದು, ಒಲೆ ಆರಿಸಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಕಾರ್ಪೆಟ್ ಆದರೆ ದ್ರವ ಸುರಿಯಲೇಬೇಡಿ, ಅಡಿಯ ಅಂಟು ಬಿಟ್ಟುಹೋಗುತ್ತೆ. ಬಿಳಿ ಬಟ್ಟೆಗೆ ಸ್ವಲ್ಪ ಹಾಕ್ಕೊಂಡು ಒತ್ತಿ ಒತ್ತಿ ಎತ್ತಿ, ಉಜ್ಜಬೇಡಿ. ಉಗುರುಬಣ್ಣ ತೆಗೆಯೋ ಅಸಿಟೋನ್ ಅಸಿಟೇಟ್ ಬಟ್ಟೆಯನ್ನೇ ಕರಗಿಸಿಬಿಡುತ್ತೆ, ಹುಷಾರು. ಟರ್ಪೆಂಟೈನ್ ವಾಸನೆ ಹೊಡೀತಿರೋ ಅಂಗಿಯನ್ನ ವಾಷಿಂಗ್ ಮೆಷಿನ್ನಿಗೆ, ಅದರಲ್ಲೂ ಡ್ರೈಯರ್‌ಗೆ ಹಾಕಬೇಡಿ. ಅಗಸೆ ಎಣ್ಣೆ ಒರೆಸಿದ ಚಿಂದಿಯನ್ನ ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಒಂದೊಂದಾಗಿ ಬಿಡಿಸಿ ಹೊರಗೆ ಗಾಳಿಗೆ ಹರವಿ.

ಮುಂದಿನ ವಾರ ಸಿಗೋಣ.